ಒರಟು ಮಾತು, ಒಳ್ಳೆಯ ಕೆಲಸ

ನೀತಿ ಸಂಹಿತೆ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮಂಥ ಶಿಕ್ಷಕರಿಗೆ ಮೊದಲು ನೆನಪಾಗುವುದು ಚುನಾವಣೆ. ಗೋಡೆಬರಹ ಅಳಿಸುವುದು, ಉದ್ಘಾಟನೆಯ ಕಲ್ಲುಗಳಿಗೆ ಬಟ್ಟೆ ಸುತ್ತುವುದು, ಮತಗಟ್ಟೆಯ ಕೆಲಸಕ್ಕೆ ಆದೇಶ ಬರುವುದು. ಫಲಿತಾಂಶ ಬಂದ ಮರುದಿನ ಕಲ್ಲಿನ ಮೇಲಿನ ಬಟ್ಟೆ ಬಿಚ್ಚುತ್ತಾರೆ, ಬಾಯಿಗೆ ಕಟ್ಟಿದ್ದ ಬಟ್ಟೆಯೂ ಬಿಚ್ಚುತ್ತದೆ. ಹೀಗೆ ಅವಧಿ ಗೊತ್ತುಮಾಡಿಕೊಂಡು ಸಭ್ಯರಾಗುವ ಪದ್ಧತಿಯನ್ನು ನೋಡುತ್ತ ಬಂದವಳಿಗೆ, ಕಂಪ್ಯೂಟರಿನ ತಂತ್ರಾಂಶ ಬರೆಯುವ ಜನರೂ ತಮಗೊಂದು ನೀತಿ ಸಂಹಿತೆ ಮಾಡಿಕೊಂಡಿದ್ದಾರೆ, ಅದು ವರ್ಷದ ಮುನ್ನೂರರವತ್ತೈದು ದಿನವೂ ಜಾರಿಯಲ್ಲಿರುತ್ತದೆ ಎಂದು ತಿಳಿದಾಗ ಕುತೂಹಲ ಹುಟ್ಟಿತು.

ಇದು ನನ್ನ ಕೈಗೆ ಬಂದದ್ದು ತಂಗಿಯ ಮಗನಿಂದ. ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ಹುಬ್ಬಳ್ಳಿ ಕಡೆಯ ಪದವಿ ಕಾಲೇಜಿನ ಹುಡುಗ ಹುಡುಗಿಯರಿಗೆ ಮುಕ್ತ ತಂತ್ರಾಂಶದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿತ್ತು. "ದೊಡ್ಡವ್ವ, ಇವನ್ನ ನೀ ಒಮ್ಮೆ ಓದು. ಕನ್ನಡದಾಗ ಹೆಂಗ ಹೇಳಬೇಕು ಅಂತ ತಿಳೀವಲ್ದು" ಎಂದು ಮೂರು ನಾಲ್ಕು ಸಂಹಿತೆಗಳ ಪ್ರತಿ ತಂದುಕೊಟ್ಟ. ಅವನಿಗೆ ಬೇಕಾಗಿದ್ದದ್ದು ಕನ್ನಡ ಪದಗಳು. ನನಗೆ ಸಿಕ್ಕಿದ್ದು ವಿಮರ್ಶೆಗೆ ಒಳ್ಳೆಯ ಸಾಮಗ್ರಿ. ನಿಯಮಪತ್ರವೂ ಒಂದು ಬರಹವೇ ತಾನೆ? ಅದರಲ್ಲೂ ಒಬ್ಬ ನಾಯಕನಿರುತ್ತಾನೆ, ಒಬ್ಬ ಖಳನಿರುತ್ತಾನೆ, ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಬರೆದಿರುತ್ತಾರೆ. ಬರೆದವರು ಯಾರಿಗೆ ಅಂಜಿದ್ದರು, ಯಾರ ಮೇಲೆ ಮಮತೆ ಇಟ್ಟಿದ್ದರು ಎಂಬುದು ವಾಕ್ಯದ ಕಟ್ಟಿನಲ್ಲೇ ಕಾಣುತ್ತದೆ.

ಮುಕ್ತ ತಂತ್ರಾಂಶ ಎಂದರೆ ಏನು ಎನ್ನುವವರಿಗೆ ನಮ್ಮ ಕಡೆಯ ಕೌದಿಯನ್ನು ತೋರಿಸುತ್ತೇನೆ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ನಾಲ್ಕಾರು ಹೆಣ್ಣುಮಕ್ಕಳು ಕೂಡಿ ಹೊಲಿಯುತ್ತಾರೆ. ಹರಿದಲ್ಲಿ ಮುಂದಿನವರು ತೇಪೆ ಹಚ್ಚುತ್ತಾರೆ. ಹೊಲಿಗೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಲಿನಕ್ಸ್ ಎಂಬುದು ಅಂಥ ಕೌದಿ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಶುರುಮಾಡಿದಾಗ ವಯಸ್ಸು 21. ಇವತ್ತು ಅದು ಕೋಟಿಗಟ್ಟಲೆ ಸಾಲುಗಳ ಬರಹ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಅದೇ. ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳೂ 2017ರ ನವೆಂಬರಿನಿಂದ ಅದರ ಮೇಲೆಯೇ ನಡೆಯುತ್ತಿವೆ. ತಿದ್ದುಪಡಿಗೆ ಅವರು ಇಟ್ಟ ಹೆಸರೂ ಪ್ಯಾಚ್, ಎಂದರೆ ತೇಪೆಯೇ. ಯಾರು ಬೇಕಾದರೂ ತೇಪೆ ಕಳಿಸಬಹುದು. ಒಂದೊಂದು ಭಾಗಕ್ಕೂ ಒಬ್ಬೊಬ್ಬ ಮೇಲ್ವಿಚಾರಕರಿದ್ದು ಪರೀಕ್ಷಿಸುತ್ತಾರೆ. ಕೊನೆಗೆ ಎಲ್ಲವೂ ಟೋರ್ವಾಲ್ಡ್ಸ್ ಅವರ ಕೈಗೆ ಹೋಗುತ್ತವೆ. ಈ ಪತ್ರವ್ಯವಹಾರವೆಲ್ಲ ಬಯಲಿನಲ್ಲೇ ನಡೆಯುತ್ತದೆ. ಮೆಚ್ಚುಗೆಯೂ ಬಯಲಿನಲ್ಲಿ, ಬೈಗುಳವೂ ಬಯಲಿನಲ್ಲಿ.

ಬೈಗುಳ ಕಡಿಮೆಯೇನೂ ಇರಲಿಲ್ಲ. 2012ರ ಡಿಸೆಂಬರಿನ ಒಂದು ಪ್ರಸಂಗವನ್ನು ಈ ಲೋಕದ ಹಳಬರೆಲ್ಲ ಬಲ್ಲರು. ಒಂದು ತೇಪೆಯಿಂದಾಗಿ ಜನ ಬಳಸುತ್ತಿದ್ದ ಕೆಲವು ಕಾರ್ಯಕ್ರಮಗಳು ಕೆಟ್ಟವು. ಆ ಭಾಗದ ಮೇಲ್ವಿಚಾರಕರು ತಪ್ಪು ಆ ಕಾರ್ಯಕ್ರಮದ್ದು, ನಮ್ಮದಲ್ಲ ಎಂದರು. ಟೋರ್ವಾಲ್ಡ್ಸ್ ಸಿಟ್ಟಾದರು. ಬಾಯಿ ಮುಚ್ಚು ಎನ್ನುವುದನ್ನು ಒಂದು ಅಶ್ಲೀಲ ಪದ ಸೇರಿಸಿ, ದಪ್ಪಕ್ಷರಗಳಲ್ಲಿ, ಲೋಕಕ್ಕೆಲ್ಲ ಕಾಣುವಂತೆ ಬರೆದರು. ಇಷ್ಟು ವರ್ಷದ ಮೇಲ್ವಿಚಾರಕನಾಗಿಯೂ ಮೊದಲ ನಿಯಮ ಕಲಿಯಲಿಲ್ಲವೇ ಎಂದು ಹಂಗಿಸಿದರು.

ಆ ಮೊದಲ ನಿಯಮ ಏನು? ನಮ್ಮ ಅನುಕೂಲಕ್ಕಾಗಿ ಬಳಸುವವರ ಕೆಲಸವನ್ನು ಕೆಡಿಸಬಾರದು ಎಂಬುದು. ಎಷ್ಟು ಒಳ್ಳೆಯ ನಿಯಮ ನೋಡಿ! ಎಲ್ಲೋ ಒಂದೂರಿನಲ್ಲಿ ಕಂಪ್ಯೂಟರಿನ ಒಳಗುಟ್ಟು ತಿಳಿಯದೆ ಅದನ್ನು ನಂಬಿ ಕೂತ ಗುಮಾಸ್ತನನ್ನು ಕಾಪಾಡುವ ನಿಯಮ ಅದು. ವಿಷಯದಲ್ಲಿ ಟೋರ್ವಾಲ್ಡ್ಸ್ ಅವರು ಸರಿ ಇದ್ದರು. ಅದಕ್ಕೆಂದೇ ಈ ಪ್ರಸಂಗ ಮುಖ್ಯ. ತಪ್ಪು ವಿಷಯವನ್ನು ತಪ್ಪು ಮಾತಿನಲ್ಲಿ ಹೇಳುವವನನ್ನು ಖಂಡಿಸುವುದು ಸುಲಭ. ಸರಿಯಾದದ್ದನ್ನು ಹೇಳುವಾಗ ಎದುರಿನವನ ಮುಖಕ್ಕೆ ಮಸಿ ಬಳಿಯುವವನ ಬಗ್ಗೆ ಏನು ಹೇಳಬೇಕು? ಯಾರೋ ಅರಿಯದ ಬಳಕೆದಾರನ ಮೇಲೆ ಇಷ್ಟು ಕರುಣೆ ಇರುವ ಮನುಷ್ಯನಿಗೆ ವರ್ಷಗಟ್ಟಲೆ ಜೊತೆಯಲ್ಲಿ ದುಡಿದವನ ಮೇಲೆ ಯಾಕೆ ಇರಲಿಲ್ಲ?

2013ರ ಜುಲೈನಲ್ಲಿ ಈ ಪ್ರಶ್ನೆಯನ್ನು ಬಹಿರಂಗವಾಗಿ ಕೇಳಿದವರು ಸೇಜ್ ಶಾರ್ಪ್. ಆಗ ಇಂಟೆಲ್ ಕಂಪನಿಯಲ್ಲಿದ್ದರು. ಯುಎಸ್‌ಬಿಯ ಮೂರನೆಯ ಪೀಳಿಗೆಯನ್ನು ಲಿನಕ್ಸಿಗೆ ಹೊಂದಿಸಿದ ತಂತ್ರಾಂಶ ಅವರದು. ಶಾರ್ಪ್ ತಮ್ಮನ್ನು ಗಂಡು ಎಂದಾಗಲಿ ಹೆಣ್ಣು ಎಂದಾಗಲಿ ಕರೆದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಇಂಥವರನ್ನು ಯಾವ ಸರ್ವನಾಮದಿಂದ ಕರೆಯಬೇಕು ಎಂಬುದೇ ಒಂದು ದೊಡ್ಡ ಜಗಳ. ಈ ಸಂಹಿತೆಗಳಲ್ಲೂ ಅದರ ನೆರಳಿದೆ. ನಮ್ಮ 'ಅವರು' ಆ ಜಗಳವನ್ನು ಸದ್ದಿಲ್ಲದೆ ಪರಿಹರಿಸಿಬಿಡುತ್ತದೆ. ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ, ಗಂಡು ಹೆಣ್ಣಿನ ವಿಚಾರಣೆ ಮಾಡುವುದಿಲ್ಲ, ಮೇಲಾಗಿ ಗೌರವವನ್ನೂ ಕೊಡುತ್ತದೆ.

ಶಾರ್ಪ್ ಅವರು ಕೇಳಿದ್ದು ದೊಡ್ಡದೇನಲ್ಲ. ಕೆಲಸ ಕೆಟ್ಟದಾಗಿದ್ದರೆ ಕೆಟ್ಟದು ಎನ್ನಿ, ಮನುಷ್ಯರ ಮೇಲೆ ಕೂಗಾಡಬೇಡಿ ಎಂದರು. ಟೋರ್ವಾಲ್ಡ್ಸ್ ಒಪ್ಪಲಿಲ್ಲ. ನೀವು ಸಭ್ಯತೆ ಎನ್ನುವುದು ಆಫೀಸಿನ ನಾಟಕ, ಎದುರಿಗೆ ನಗುವುದು ಹಿಂದಿನಿಂದ ಇರಿಯುವುದು ಅದರಲ್ಲೇ ಬೆಳೆಯುವುದು, ನನಗೆ ಆ ವೇಷ ಬೇಡ ಎಂಬರ್ಥದಲ್ಲಿ ಉತ್ತರಿಸಿದರು.

ಈ ಉತ್ತರವನ್ನು ತಳ್ಳಿಹಾಕುವ ಮೊದಲು ಸ್ವಲ್ಪ ಯೋಚಿಸಬೇಕು. ಅದರಲ್ಲಿ ಸತ್ಯಾಂಶವಿದೆ ಎಂದು ಕನ್ನಡದವರಿಗೆ, ಅದರಲ್ಲೂ ನಮ್ಮ ಉತ್ತರ ಕರ್ನಾಟಕದವರಿಗೆ, ಬೇರೆ ಹೇಳಬೇಕಾಗಿಲ್ಲ. ನಾವು ಮಾತು ಮಾತಿಗೂ 'ರೀ' ಹಚ್ಚುವ ಜನ. ಹೌದ್ರಿ, ಇಲ್ರಿ, ಬರ್ರಿ, ಕೂಡ್ರಿ. ಆದರೆ ಇದೇ 'ರೀ' ಹಚ್ಚಿ ಒಬ್ಬನನ್ನು ನೆಲಕ್ಕೆ ಹಾಕಬಹುದು. "ತಾವು ಭಾಳ ಶ್ಯಾಣ್ಯಾರದೀರಿ ಬಿಡ್ರಿ" ಎಂಬ ವಾಕ್ಯದಲ್ಲಿ ಬಹುವಚನಕ್ಕೆ ಏನು ಕಡಿಮೆಯಾಗಿದೆ? ಇನ್ನೊಂದು ಕಡೆ ತಂಗಿಯ ಮಗ ನನ್ನನ್ನು 'ನೀ' ಎನ್ನುತ್ತಾನೆ. ಅವನು 'ನೀವು' ಅಂದ ದಿನ ಎಲ್ಲೋ ಮುನಿಸಿದ್ದಾನೆ ಎಂದು ನಾನು ತಿಳಿದೇನು. ಗೌರವ ವ್ಯಾಕರಣದಲ್ಲಿಲ್ಲ, ಪದಪಟ್ಟಿಯಲ್ಲೂ ಇಲ್ಲ. ಮೆತ್ತಗೆ ಮಾತಾಡಿದವರೆಲ್ಲ ಒಳ್ಳೆಯವರಲ್ಲ ಎಂಬುದು ನಿಜ.

ಆದರೆ ಅದರಿಂದ ಒರಟಾಗಿ ಮಾತಾಡಿದವರೆಲ್ಲ ಪ್ರಾಮಾಣಿಕರು ಎಂದು ಸಿದ್ಧವಾಗುವುದಿಲ್ಲ. ಟೋರ್ವಾಲ್ಡ್ಸ್ ಅವರ ವಾದದ ದೋಷ ಇರುವುದು ಇಲ್ಲಿ. ಅವರು ಎರಡೇ ದಾರಿ ತೋರಿಸುತ್ತಾರೆ, ಒಂದು ಕಪಟದ ನಯ, ಇನ್ನೊಂದು ನಿಷ್ಕಪಟದ ಬೈಗುಳ. ನಿಷ್ಕಪಟವೂ ಆಗಿ ನಯವೂ ಆಗಿರುವ ಮೂರನೆಯ ದಾರಿಯನ್ನು ಅವರು ಎಣಿಕೆಗೇ ತೆಗೆದುಕೊಳ್ಳಲಿಲ್ಲ. ಪ್ರತಿ ಊರಿನಲ್ಲೂ ಅಂಥ ಒಬ್ಬ ವೈದ್ಯರೋ, ಮುತ್ತಜ್ಜಿಯೋ ಇರುತ್ತಾರೆ. ಮುಚ್ಚಿಡದೆ ಹೇಳುತ್ತಾರೆ, ಆದರೆ ಕೇಳಿದವನು ಕುಗ್ಗಿಹೋಗುವುದಿಲ್ಲ. ಇನ್ನೊಂದು ಮಾತು. ನಿಷ್ಕಪಟದ ಬೈಗುಳ ಯಾವಾಗಲೂ ಮೇಲಿನಿಂದ ಕೆಳಗೇ ಹರಿಯುತ್ತದೆ. ಹೊಸದಾಗಿ ಬಂದವನು ಟೋರ್ವಾಲ್ಡ್ಸ್ ಅವರನ್ನು ಅದೇ ಪದಗಳಿಂದ ಬೈದು ಪ್ರಾಮಾಣಿಕ ಎನಿಸಿಕೊಂಡು ಉಳಿಯಬಲ್ಲನೆ? ಒಬ್ಬರಿಗೆ ಮಾತ್ರ ದಕ್ಕುವ ಪ್ರಾಮಾಣಿಕತೆಗೆ ನಮ್ಮಲ್ಲಿ ದರ್ಪ ಎಂಬ ಹಳೆಯ ಹೆಸರಿದೆ.

ಈ ವಾದ ನನಗೆ ಹೊಸದಾಗಿ ಕೇಳಲಿಲ್ಲ. "ಛಡಿ ಚಂ ಚಂ, ವಿದ್ಯಾ ಘಂ ಘಂ" ಎಂಬ ಮಾತನ್ನು ಕೇಳುತ್ತಲೇ ಬೆಳೆದ ಪ್ರದೇಶ ನಮ್ಮದು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅದರ 17ನೆಯ ಕಲಮು ಮಗುವನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಹೊಡೆತದ ಮಾತನ್ನು ಹಲವರು ಒಪ್ಪಿದರು. ಮಾತಿನ ಮಾತನ್ನು ಮಾತ್ರ ಒಪ್ಪಲಾರದೆ ಹೋದರು. ಬೈಯದಿದ್ದರೆ ಮಕ್ಕಳು ಕಲಿಯುವುದಾದರೂ ಹೇಗೆ, ನಾವೆಲ್ಲ ಬೈಸಿಕೊಂಡೇ ಮೇಲೆ ಬಂದವರಲ್ಲವೆ ಎಂದರು. ಮೇಲೆ ಬಂದವರು ಹೀಗೆ ಹೇಳಬಹುದು. ಬರದೆ ಉಳಿದವರು ಅಲ್ಲಿ ಇರಲಿಲ್ಲ. ಏಳನೆಯ ಇಯತ್ತೆಯಲ್ಲಿ ಎಲ್ಲರೆದುರು ದಡ್ಡಿ ಎನಿಸಿಕೊಂಡು ಮರುದಿನದಿಂದ ದನ ಕಾಯಲು ಹೋದ ಹುಡುಗಿಗೆ ಶಿಕ್ಷಕರ ಸಭೆಗೆ ಬಂದು ಸಾಕ್ಷಿ ಹೇಳುವ ಅವಕಾಶ ಎಲ್ಲಿಯದು? ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಇರುತ್ತದೆ, ಕಾರಣ ಇರುವುದಿಲ್ಲ. ಕೆಂಪು ಶಾಯಿ ಲೆಕ್ಕದ ತಪ್ಪಿನ ಮೇಲೆ ಎಷ್ಟು ಬೇಕಾದರೂ ಬೀಳಲಿ, ಮಗುವಿನ ಹೆಸರಿನ ಮೇಲೆ ಬೀಳಬಾರದು. ಇದು ನನ್ನ ವೃತ್ತಿ ನನಗೆ ಕಲಿಸಿದ ಅಳತೆಗೋಲು. ಈ ಸಂಹಿತೆಗಳನ್ನೂ ಅದರಿಂದಲೇ ಅಳೆಯುತ್ತೇನೆ.

ಲಿನಕ್ಸಿನವರು 2015ರ ಮಾರ್ಚಿನಲ್ಲಿ ಮಾಡಿಕೊಂಡ ಮೊದಲ ಪತ್ರದ ಹೆಸರೇ ವಿಚಿತ್ರ. ನಡತೆಯ ಸಂಹಿತೆ ಎನ್ನಲಿಲ್ಲ, ಸಂಘರ್ಷದ ಸಂಹಿತೆ ಎಂದರು. ಇಂಗ್ಲಿಷಿನಲ್ಲಿ ಎರಡೂ ಪದಗಳ ಪ್ರಾಸ ಹತ್ತಿರ, ಸ್ವಲ್ಪ ಚೇಷ್ಟೆಯೂ ಇದೆ. ಒಂದು ಪುಟಕ್ಕಿಂತ ಕಡಿಮೆಯ ಬರಹ. ಅದರ ಕಟ್ಟನ್ನು ಗಮನಿಸಿ. ಆರಂಭದಲ್ಲೇ ನಿನ್ನ ಕೆಲಸ ಕಠಿಣ ಪರೀಕ್ಷೆಗೆ, ಟೀಕೆಗೆ ಒಳಗಾಗುತ್ತದೆ ಎಂಬ ಎಚ್ಚರಿಕೆ. ಆಮೇಲೆ ಇದೆಲ್ಲ ಗುಣಮಟ್ಟಕ್ಕಾಗಿ ಎಂಬ ಸಮರ್ಥನೆ. ಅದೂ ಮುಗಿದ ಮೇಲೆ, ನಿನಗೆ ನಿಂದನೆ, ಬೆದರಿಕೆ, ಮುಜುಗರ ಆಯಿತು ಅನ್ನಿಸಿದರೆ ಇಂಥ ಸಮಿತಿಗೆ ತಿಳಿಸು ಎಂಬ ಮಾತು. ಕೊನೆಗೆ ಒಬ್ಬರಿಗೊಬ್ಬರು ಚೆನ್ನಾಗಿರಿ ಎಂಬ ಸಿನಿಮಾ ಮಾತು. ಈ ಪತ್ರದ ಮುಖ ಹೆಚ್ಚಾಗಿ ಇರುವುದು ಹೊಸಬನ ಕಡೆಗೆ, ಬೈಯುವವನ ಕಡೆಗೆ ಕಡಿಮೆ. ನೋವಿಗೆ ಸಿದ್ಧನಾಗಿರು ಎಂದು ನೋಯುವವನಿಗೆ ಹೇಳುತ್ತದೆ. ಪರೀಕ್ಷಿಸುವವನಿಗೆ ಸಭ್ಯನಾಗಿರಲು ಯತ್ನಿಸು ಎಂಬ ಮಾತನ್ನು ಕೊನೆಯಲ್ಲಷ್ಟೇ ಹೇಳುತ್ತದೆ. ಅತ್ತೆಮನೆಗೆ ಹೋಗುವ ಮಗಳಿಗೆ ಮೊದಲು ಬುದ್ಧಿ ಹೇಳಿ ಅತ್ತೆಗೆ ಹೆಚ್ಚೇನೂ ಹೇಳದ ನಮ್ಮ ಹಿರಿಯರ ರೀತಿಯೂ ಇದೇ.

ಫಲ? ಅದೇ ವರ್ಷದ ಅಕ್ಟೋಬರಿನಲ್ಲಿ ಶಾರ್ಪ್ ತಾವು ಆ ಕೆಲಸವನ್ನು ಬಿಟ್ಟಿರುವುದಾಗಿ ಬರೆದರು. ಕೆಲಸದಲ್ಲಿ ಕೊರತೆ ಇದ್ದು ಬಿಟ್ಟವರಲ್ಲ, ಆ ವಾತಾವರಣದಲ್ಲಿ ಬಾಳಲಾರೆನೆಂದು ಬಿಟ್ಟವರು. ಒಬ್ಬರು ಹೇಳಿ ಹೋದರು. ಹೇಳದೆ ಹೋದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಒರಟುತನದಿಂದ ಗುಣಮಟ್ಟ ಉಳಿಯಿತು ಎನ್ನುವವರು ಉಳಿದ ತೇಪೆಗಳನ್ನಷ್ಟೇ ಎಣಿಸುತ್ತಾರೆ. ಬಾರದೆ ಹೋದ ತೇಪೆಗಳಿಗೆ ಎಣಿಕೆ ಇಲ್ಲ.

ಮುಂದಿನ ಬರಹ 2018ರ ಸೆಪ್ಟೆಂಬರ್ 16ರದು. ಅದು ಸಂಹಿತೆಯಲ್ಲ, ಟೋರ್ವಾಲ್ಡ್ಸ್ ಅವರ ಪತ್ರ. ಹೊಸ ಆವೃತ್ತಿಯ ತಯಾರಿಯ ವರದಿಯೊಂದಿಗೇ ಅವರು ಅದನ್ನು ಬರೆದರು. ತಾನು ಮನುಷ್ಯರ ಭಾವನೆಯನ್ನು ಅರಿಯುವುದರಲ್ಲಿ ಹಿಂದೆ, ತನ್ನ ಪತ್ರಗಳಲ್ಲಿ ಜನರ ಮೇಲೆ ಮಾಡಿದ ದಾಳಿ ಸಲ್ಲದ್ದು, ಕೆಲಕಾಲ ದೂರ ಸರಿದು ಸಹಾಯ ಪಡೆಯುತ್ತೇನೆ ಎಂದು ಹೇಳಿಕೊಂಡರು. ನೊಂದವರಲ್ಲಿ, ಬಹುಶಃ ಈ ಕೆಲಸದಿಂದಲೇ ದೂರ ಹೋದವರಲ್ಲಿ, ಕ್ಷಮೆ ಕೇಳಿದರು. ಬರಹವಾಗಿ ನೋಡಿದರೆ ನಾನು ಓದಿದ ಎಲ್ಲದರಲ್ಲಿ ಇದು ಹೆಚ್ಚು ಜೀವವುಳ್ಳದ್ದು. ನಮ್ಮ ಮುಖಂಡರು ಕೇಳುವ ಕ್ಷಮೆಯಲ್ಲಿ ಸಾಮಾನ್ಯವಾಗಿ ಒಂದು 'ಆದರೆ' ಇರುತ್ತದೆ, ಯಾರಿಗಾದರೂ ನೋವಾಗಿದ್ದರೆ ಎಂಬ ಒಂದು 'ಆದರೆ'ಯ ತಮ್ಮನೂ ಇರುತ್ತಾನೆ. ಇಲ್ಲಿ ಅವೆರಡೂ ಮುಂದೆ ಬಂದು ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೋದವರನ್ನೂ ನೆನೆದದ್ದು ಈ ಪತ್ರವೊಂದೇ. ಆ ಸಲದ 4.19ನೆಯ ಆವೃತ್ತಿಯನ್ನು ಅಕ್ಟೋಬರಿನಲ್ಲಿ ಹೊರತಂದವರು ಅವರ ಸಹೋದ್ಯೋಗಿ ಗ್ರೆಗ್ ಕ್ರೋ-ಹಾರ್ಟ್‌ಮನ್. ಆಮೇಲೆ ಟೋರ್ವಾಲ್ಡ್ಸ್ ಮರಳಿದರು.

ಆ ಪತ್ರದ ಜೊತೆಗೇ ಸಂಘರ್ಷದ ಸಂಹಿತೆ ಹೋಗಿ ನಡತೆಯ ಸಂಹಿತೆ ಬಂತು. ಅದು ಕೊರಲೀನ್ ಅಡಾ ಎಮ್ಕೆ ಅವರು 2014ರಲ್ಲಿ ಬರೆದ 'ಕಾಂಟ್ರಿಬ್ಯೂಟರ್ ಕವನಂಟ್' ಎಂಬ ಮಾದರಿಯಿಂದ ಮಾಡಿಕೊಂಡದ್ದು. ಕೊಡುಗೆ ನೀಡುವವರ ಒಡಂಬಡಿಕೆ ಎನ್ನಬಹುದು. ಮುಕ್ತ ತಂತ್ರಾಂಶದ ಲೋಕದಲ್ಲಿ ಬಹಳ ಹೆಚ್ಚಾಗಿ ಬಳಕೆಯಲ್ಲಿರುವ ಮಾದರಿ ಅದು. ಗದ್ಯವಾಗಿ ಅದು ನನಗೆ ರುಚಿಸಲಿಲ್ಲ. ಸರ್ಕಾರಿ ಸುತ್ತೋಲೆಯ ಶೈಲಿ. ವಯಸ್ಸು, ದೇಹ, ಜನಾಂಗ, ಧರ್ಮ ಎಂದು ಉದ್ದದ ಪಟ್ಟಿ, ಹೀಗೆ ಮಾಡಿ ಎಂಬ ಪಟ್ಟಿ, ಹೀಗೆ ಮಾಡಬೇಡಿ ಎಂಬ ಪಟ್ಟಿ. ತಂಗಿಯ ಮಗ ಪದ ಕೇಳಿ ಸೋತದ್ದು ಇದರಲ್ಲೇ. 'ಒಳಗೊಳ್ಳುವ ಭಾಷೆ' ಎಂದು ಅವನು ಬರೆದುಕೊಂಡಿದ್ದ. ಹಾಗೆಂದರೆ ನಮ್ಮ ಹುಡುಗಿಯರಿಗೆ ಏನು ತಿಳಿದೀತು? ಬಂದವರನ್ನು ಹೊಸಿಲಲ್ಲೇ ನಿಲ್ಲಿಸದ ಮಾತು ಎಂದು ಬರೆ ಅಂದೆ. 'ಕಿರುಕುಳ' ಎಂಬ ಪದವನ್ನು ಬದಲಿಸಲಿಲ್ಲ. ಅದರ ಅರ್ಥ ಯಾವ ಹುಡುಗಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ರುಚಿಸದ ಈ ಗದ್ಯದಲ್ಲಿ ಒಂದು ಗುಣವಿದೆ. ದೂರು ಯಾರಿಗೆ ಕೊಡಬೇಕು, ಕೊಟ್ಟವರ ಹೆಸರನ್ನು ಹೇಗೆ ಕಾಯಬೇಕು, ಕ್ರಮ ಯಾರು ತೆಗೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. ಅದರ ಎರಡನೆಯ ಆವೃತ್ತಿಯಲ್ಲಿ ನಾಲ್ಕು ಮೆಟ್ಟಿಲುಗಳೂ ಇವೆ. ಮೊದಲು ತಿದ್ದುವುದು, ಆಮೇಲೆ ಎಚ್ಚರಿಸುವುದು, ಆಮೇಲೆ ಕೆಲಕಾಲ ಹೊರಗಿಡುವುದು, ಕೊನೆಗೆ ಪೂರ್ತಿ ಹೊರಗಿಡುವುದು. ಲಿನಕ್ಸಿನವರು ತೆಗೆದುಕೊಂಡ ಹಳೆಯ ಆವೃತ್ತಿಯಲ್ಲಿ ಇನ್ನೊಂದು ಖಡಾಖಂಡಿತ ಮಾತಿತ್ತು. ಸಂಹಿತೆಯನ್ನು ಪಾಲಿಸದ, ಪಾಲಿಸುವಂತೆ ಮಾಡದ ಮೇಲ್ವಿಚಾರಕರೂ ಪರಿಣಾಮ ಅನುಭವಿಸಬೇಕಾದೀತು ಎಂಬ ಮಾತು. ಕಾವಲುಗಾರನೂ ಕಾವಲಿಗೆ ಒಳಪಟ್ಟಿದ್ದಾನೆ ಎಂಬ ಈ ವಾಕ್ಯವೇ ಇಡೀ ಬರಹದ ಬೆನ್ನೆಲುಬು. ಲಿನಕ್ಸಿನವರು ಕೆಲವೇ ವಾರಗಳಲ್ಲಿ ಅದನ್ನು ತೆಗೆದುಹಾಕಿದರು. ಅದು ಮೇಲ್ವಿಚಾರಕರಿಗೆ ತಪ್ಪು ಸಂದೇಶ ಕೊಡುತ್ತದೆ, ತೆಗೆದರೂ ಸಂಹಿತೆಯ ಬಲ ಕುಂದುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಎರವಲು ತಂದ ಬರಹದಲ್ಲಿ ಯಾವ ವಾಕ್ಯವನ್ನು ಇಟ್ಟುಕೊಂಡರು ಎನ್ನುವುದಕ್ಕಿಂತ ಯಾವುದನ್ನು ಬಿಟ್ಟರು ಎಂಬುದರಿಂದ ಮನಸ್ಸು ಹೆಚ್ಚು ತಿಳಿಯುತ್ತದೆ. ಆ ವಾಕ್ಯ ಉಳಿಯಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ನೇರ ಎದುರು ನಿಲ್ಲುವುದು ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಯೋಜನೆಯವರಿಗಾಗಿ ಅದೇ 2018ರ ಅಕ್ಟೋಬರಿನಲ್ಲಿ ಬರೆದ ಸಹೃದಯ ಸಂವಹನದ ಮಾರ್ಗಸೂಚಿ. ನಿಯಮ ಮತ್ತು ಶಿಕ್ಷೆಯ ದಾರಿ ಒರಟಾದದ್ದು, ಅದು ತಪ್ಪು ನಡೆದ ಮೇಲೆ ಏಳುತ್ತದೆಯೇ ಹೊರತು ಇನ್ನೂ ಚೆನ್ನಾಗಿ ನಡೆಯುವುದನ್ನು ಕಲಿಸುವುದಿಲ್ಲ ಎಂಬುದು ಅವರ ನಿಲುವು. ಶಿಕ್ಷಕಿಯಾಗಿ ಈ ಮಾತಿಗೆ ತಲೆದೂಗಿದೆ. ಬರಹವೂ ಚೆಂದ. ಎದುರಿನವರು ಸದುದ್ದೇಶದಿಂದಲೇ ಹೇಳಿದ್ದಾರೆ ಎಂದು ಹಿಡಿಯಿರಿ, ಅವರು ಹೇಳಿದ್ದಕ್ಕೆ ಉತ್ತರಿಸಿ, ಹೇಳದೆ ಇದ್ದದ್ದನ್ನು ಉಬ್ಬಿಸಿ ಉತ್ತರಿಸಬೇಡಿ, ನಿಮ್ಮ ಮಾತಿನ ಟೀಕೆಯನ್ನು ನಿಮ್ಮ ಟೀಕೆ ಎಂದುಕೊಳ್ಳಬೇಡಿ ಎಂಬ ಹಿತವಚನಗಳು. ಹತ್ತನೆಯ ತರಗತಿಗೆ ಪಾಠ ಇಡಬಹುದಾದಂಥ ಬರಹ. ಆದರೆ ಓದಿ ಮುಗಿಸಿದ ಮೇಲೆ ಕೈ ಖಾಲಿ ಅನ್ನಿಸಿತು. ಇಷ್ಟು ಹೇಳಿದ ಮೇಲೂ ಒಬ್ಬ ಹಿರಿಯ ಒಬ್ಬ ಹುಡುಗಿಯನ್ನು ಹೀಯಾಳಿಸಿದರೆ ಅವಳು ಎಲ್ಲಿಗೆ ಹೋಗಬೇಕು? ಮಾರ್ಗಸೂಚಿ ಅದಕ್ಕೆ ಉತ್ತರ ಕೊಡುವುದಿಲ್ಲ. ನುಡಿ ಹೇಗಿರಬೇಕೆಂಬ ಬಸವಣ್ಣನವರ ವಚನ ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ. ಅದರ ಕೆಳಗೆ ನಿಂತೇ ಏನೇನು ಮಾತು ಆಡುತ್ತೇವೆ ಎಂಬುದು ಗೋಡೆಗೂ ಗೊತ್ತು.

ಸ್ವಾರಸ್ಯದ ದೃಷ್ಟಿಯಿಂದ ಇನ್ನೊಂದನ್ನು ಹೇಳದೆ ಇರಲಾರೆ. ಫೋನುಗಳಲ್ಲೆಲ್ಲ ಮಾಹಿತಿ ಜೋಡಿಸಿಡುವ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶವಿದೆ. ಸಂಹಿತೆ ಎಲ್ಲಿ ಎಂದು ಗ್ರಾಹಕರು ಕೇಳಿದ್ದಕ್ಕೆ ಅದರ ಕರ್ತೃಗಳು ಆರನೆಯ ಶತಮಾನದ ಕ್ರೈಸ್ತ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮಗಳ ಒಂದು ಅಧ್ಯಾಯವನ್ನೇ ಇಟ್ಟರು. ದೇವರನ್ನು ಪ್ರೀತಿಸು ಎಂಬುದೂ ಅದರಲ್ಲಿದೆ. 2018ರ ಅಕ್ಟೋಬರಿನಲ್ಲಿ ಗದ್ದಲವಾಯಿತು. ಅವರು ಅದನ್ನು ತಮ್ಮ ನೈತಿಕ ಸಂಹಿತೆ ಎಂದು ಹೆಸರು ಬದಲಿಸಿ ಉಳಿಸಿಕೊಂಡರು. ಬೇರೆ ಧರ್ಮದವರಿಗೆ, ಧರ್ಮ ಬೇಡವೆನ್ನುವವರಿಗೆ ಅದು ಹೊಸಿಲಲ್ಲೇ ತಡೆಯಾದೀತು ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಅವರ ಮನೋಭಾವದಲ್ಲಿ ಒಂದು ವಿಶೇಷವಿತ್ತು. ನೀವು ಹೀಗಿರಿ ಎಂದು ಬರುವವರಿಗೆ ಅವರು ಹೇಳಲಿಲ್ಲ, ನಾವು ಹೀಗಿರಲು ಯತ್ನಿಸುತ್ತೇವೆ ಎಂದು ತಮ್ಮನ್ನು ತಾವು ಕಟ್ಟಿಕೊಂಡರು. ಸಂಘರ್ಷದ ಸಂಹಿತೆ ಹೊಸಬನ ಕಡೆಗೆ ಮುಖ ಮಾಡಿದ್ದರೆ ಇದು ಮನೆಯ ಯಜಮಾನನ ಕಡೆಗೆ ಮುಖ ಮಾಡಿದೆ.

ಇಂಥ ನಿಯಮಗಳು ನ್ಯಾಯವಾದ ಟೀಕೆಯ ಬಾಯನ್ನೂ ಮುಚ್ಚಿಸಬಹುದು ಎಂದು ಅಂಜುವವರಿದ್ದಾರೆ. ಅಂಜಿಕೆ ಸುಳ್ಳಲ್ಲ. ದೂರನ್ನು ಆಯುಧ ಮಾಡಿಕೊಳ್ಳುವವರು ಎಲ್ಲ ಕಚೇರಿಗಳಲ್ಲೂ ಉಂಟು. ಆದರೆ ಲಿನಕ್ಸಿನಲ್ಲಿ ನಡೆದದ್ದನ್ನು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. 2024ರ ನವೆಂಬರಿನಲ್ಲಿ, ಸಹೋದ್ಯೋಗಿಯನ್ನು ನಿಂದಿಸಿ ಬಹಿರಂಗವಾಗಿ ಕ್ಷಮೆ ಕೇಳಲು ಒಪ್ಪದ ಒಬ್ಬ ಮೇಲ್ವಿಚಾರಕರ ಸಲ್ಲಿಕೆಗಳನ್ನು 6.13ನೆಯ ಆವೃತ್ತಿಯ ಅವಧಿಗೆ ಸ್ವೀಕರಿಸಬಾರದೆಂದು ಸಂಹಿತೆಯ ಸಮಿತಿ ಗೊತ್ತುಮಾಡಿತು. ಅವರ ಕೆಲಸ ಹಗುರವಾದದ್ದಲ್ಲ, ಪೂರ್ತಿ ಒಂದು ಕಡತ ವ್ಯವಸ್ಥೆಯನ್ನೇ ಬರೆದವರು. ವಾಕ್ಯ ತೆಗೆದರೂ ಬಲ ಕುಂದುವುದಿಲ್ಲ ಎಂದವರ ಮಾತು ಅಷ್ಟರಮಟ್ಟಿಗೆ ನಿಜವಾಯಿತು. ಇನ್ನೊಂದು ಕಡೆ ಟೀಕೆಯೇನೂ ನಿಂತಿಲ್ಲ. 2025ರ ಆಗಸ್ಟಿನಲ್ಲೂ ಟೋರ್ವಾಲ್ಡ್ಸ್ ತಡವಾಗಿ ಬಂದ ಒಂದು ಸಲ್ಲಿಕೆಯನ್ನು ಕಸ ಎಂದು ಕರೆದು ವಾಪಸು ಕಳಿಸಿದರು. ಕಸ ಎಂಬುದು ಗಟ್ಟಿ ಮಾತೇ, ನಾನಾದರೆ ಆ ಪದ ಬಳಸುತ್ತಿರಲಿಲ್ಲ. ಆದರೆ ಅದು ಬಿದ್ದದ್ದು ತೇಪೆಯ ಮೇಲೆ, ಯಾಕೆ ಕಸ ಎಂದೂ ಅವರು ವಿವರಿಸಿದ್ದರು. 2012ರ ಬಾಯಿ ಮುಚ್ಚು ಎಂಬುದಕ್ಕೂ ಇದಕ್ಕೂ ನಡುವೆ ಇರುವ ದೂರ ಸಣ್ಣದಲ್ಲ.

ಆದ್ದರಿಂದ ನನ್ನ ತೀರ್ಪು ಹೀಗಿದೆ. ಸ್ಟಾಲ್‌ಮನ್ ಅವರ ಬರಹಕ್ಕೆ ಗದ್ಯಕ್ಕಾಗಿ ಹೆಚ್ಚು ಅಂಕ, ಎಮ್ಕೆ ಅವರದಕ್ಕೆ ಹೊಣೆಗಾಗಿ ಹೆಚ್ಚು ಅಂಕ. ಒಂದನ್ನೇ ಆರಿಸಿಕೋ ಎಂದರೆ ರುಚಿಸದ ಎರಡನೆಯದನ್ನೇ ಆರಿಸುತ್ತೇನೆ. ಚೆಂದದ ಮಾತನ್ನು ಒಳ್ಳೆಯವರು ಹೇಗೂ ಆಡುತ್ತಾರೆ. ನಿಯಮ ಬೇಕಾಗುವುದು ಶಕ್ತಿಯುಳ್ಳವನು ಕೆಟ್ಟದ್ದನ್ನು ಆಡಿದಾಗ. ನಮ್ಮಲ್ಲಿ ಸಭ್ಯತೆಯನ್ನು ಸಂಸ್ಕಾರ ಎನ್ನುತ್ತೇವೆ, ಮನೆಯಿಂದ ಬರಬೇಕು ಎನ್ನುತ್ತೇವೆ. ಹಾಗೆಂದು ಬಿಟ್ಟರೆ, ಸಂಸ್ಕಾರವಿಲ್ಲದವನ ಕೆಳಗೆ ದುಡಿಯುವವರ ಗತಿ ಏನು ಎಂಬುದಕ್ಕೆ ಉತ್ತರ ಉಳಿಯುವುದಿಲ್ಲ. ಮರ್ಯಾದೆಯನ್ನು ಹಿರಿಯರಿಗೆ ಸಲ್ಲಬೇಕಾದ ಬಾಕಿ ಎಂದೇ ನಾವು ಮಕ್ಕಳಿಗೆ ಕಲಿಸಿದ್ದೇವೆ. ಹೊಸಬರಿಗೆ, ಕಿರಿಯರಿಗೆ, ತಪ್ಪಿದವರಿಗೆ ಹಿರಿಯರಿಂದ ಸಲ್ಲಬೇಕಾದದ್ದು ಅದು ಎಂಬ ಪಾಠ ನಮ್ಮ ಪಠ್ಯದಲ್ಲಿ ಕಡಿಮೆ. ದೂರದ ಜನ ತಮ್ಮ ಜಗಳದಿಂದ ಕಲಿತ ಈ ಪಾಠವನ್ನು ನಾವು ಪುಕ್ಕಟೆಯಾಗಿ ಪಡೆಯಬಹುದು. ಮುಕ್ತ ತಂತ್ರಾಂಶದ ಧರ್ಮವೂ ಅದೇ ಅಲ್ಲವೆ?

"ನಮ್ಮ ಹುಡುಗ್ಯಾರಿಗೆ ಅಲ್ಲಿ ಕೆಲಸ ಕಳಸ್ರಿ ಅಂತ ಹೇಳಲೇನು, ಬ್ಯಾಡ ಅನ್ನಲೇನು?" ಎಂದು ಅವನು ಕೇಳಿದ್ದ. ಕಳಿಸಲಿ ಎಂದೆ. ತೇಪೆ ಚೆನ್ನಾಗಿಲ್ಲದಿದ್ದರೆ ವಾಪಸು ಬರುತ್ತದೆ, ಮತ್ತೆ ಹೊಲಿಯಲಿ, ಅದರಲ್ಲಿ ಅವಮಾನವಿಲ್ಲ. ಆದರೆ ಯಾವ ತಂಡಕ್ಕೆ ಕಳಿಸುವುದಿದ್ದರೂ ಅದರ ಸಂಹಿತೆಯ ಕೊನೆಯ ಭಾಗವನ್ನು ಮೊದಲು ಓದಲಿ. ದೂರು ಯಾರಿಗೆ ಎಂಬಲ್ಲಿ ಮನುಷ್ಯರ ಹೆಸರುಗಳಿವೆಯೇ, ತಂಡದ ಯಜಮಾನನ ಮೇಲೂ ದೂರು ಕೊಡಬಹುದೇ ಎಂದು ನೋಡಿಕೊಳ್ಳಲಿ. ಅವೆರಡೂ ಇದ್ದರೆ ಮೇಲಿನ ಮಾತುಗಳನ್ನು ನಂಬಬಹುದು. ಇಲ್ಲದಿದ್ದರೆ ಅದು ಸಂಹಿತೆಯಲ್ಲ, ಗೋಡೆಯ ಮೇಲಿನ ಸುಭಾಷಿತ.